ಅದು ನಿದ್ದೆ ಮಾತ್ರೆ ಅಲ್ಲ

ಮಗ ಬೈದರೆ ತಾಯಿ ತಡೆದುಕೊಂಡಾಳು. ಬಡಿಸಿದ ತಟ್ಟೆಯನ್ನು ದೂರ ತಳ್ಳಿದರೆ ತಡೆಯುವುದು ಕಷ್ಟ. ತುಮಕೂರು ಮರಳೂರಿನ ಶಕೀಲಾಗೆ ಹದಿನೈದು ದಿನದಿಂದ ಇದೇ ಸಂಕಟ. ಮಗ ಅತೀಕ್ ಅವಳ ಕೈಯಡುಗೆ ಮುಟ್ಟುತ್ತಿರಲಿಲ್ಲ. ತಾನೇ ಸುಲಿದ ಬಾಳೆಹಣ್ಣು, ತಾನೇ ಸಿಪ್ಪೆ ತೆಗೆದ ಮೊಟ್ಟೆ, ಅಷ್ಟೇ ಅವನ ಊಟ.

"ಅನ್ನಕ್ಕೆ ಏನೋ ಬೆರ್ಸಿದೀರ. ನಂಗೆ ಗೊತ್ತು" ಎನ್ನುತ್ತಿದ್ದ.

ಇಪ್ಪತ್ತಾರು ವರ್ಷದ ಹುಡುಗ. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇಥ್ ಓಡಿಸುತ್ತಿದ್ದ. ಈಗ ಮಿಷನ್ನಿನ ಸದ್ದಿನೊಳಗಿಂದ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದು ಕೆಲಸಕ್ಕೂ ಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಎರಡು ಸಾವಿರದ ಒಂದರಲ್ಲಿ, ಹೀಗೇ ಆಗಿತ್ತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಹುಡುಗ ಮೊದಲಿನಂತಾಗಿ ಕೆಲಸಕ್ಕೆ ಹೋಗಿದ್ದ. ಹೋದ ಕಾಯಿಲೆ ಮತ್ತೆ ಬಂದಿತಲ್ಲ ಎಂದು ಶಕೀಲಾ ಕಂಗಾಲಾಗಿದ್ದಳು.

ಅವಳ ಗಂಡ ಮನ್ಸೂರ್ ಅಲಿ ಪಾತ್ರೆಗೆ ಕಲಾಯಿ ಹಾಕುವವನು. ಊರೂರು ತಿರುಗುವವನಿಗೆ ಊರಿಗೊಬ್ಬ ಸಲಹೆಗಾರ. ಕಡಬದ ತೆಂಗಿನಕಾಯಿ ವ್ಯಾಪಾರಿ ಮುದ್ದಯ್ಯ ಹೇಳಿದ್ದ: "ಕುಣಿಗಲ್ ಕಡೆ ಒಬ್ಬವ್ನೆ ಸಾಬ್ರೇ, ಬೇರಿನ ಔಷಧಿ ಕೊಡ್ತಾನೆ. ನಲವತ್ತು ದಿನ ಹುಡುಗನ್ನ ಅಲ್ಲೇ ಬುಡ್ಬೇಕು. ಇಂಗ್ಲಿಷ್ ಮಾತ್ರೆ ಒಂದೂ ಮುಟ್ಟಂಗಿಲ್ಲ." ಮನ್ಸೂರ್ ಹೋಗಿ ಜಾಗ ನೋಡಿಕೊಂಡು ಬಂದಿದ್ದ. ಬೆಳಗಾದರೆ ಮೊದಲ ಬಸ್ಸಿಗೆ ಹೊರಡುವುದು ಎಂದಾಗಿತ್ತು. ಶಕೀಲಾ ಎರಡು ಲುಂಗಿ, ಒಂದು ಟವಲು ಬ್ಯಾಗಿಗೆ ಹಾಕಿಯೂ ಆಗಿತ್ತು.

ಆ ಸಂಜೆ ಹಿಂದಿನ ಬೀದಿಯ ಉಮಾಮಹೇಶ್ವರಿ ಹಿತ್ತಾಳೆ ಪಾತ್ರೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಗುಬ್ಬಿ ಕಡೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಬೀದಿಯ ಮಕ್ಕಳಿಗೆಲ್ಲ ಅವಳನ್ನು ಕಂಡರೆ ಸೂಜಿಯದೇ ನೆನಪು.

"ಸಾಬ್ರೇ, ಹಬ್ಬದೊಳಗೆ ಕಲಾಯಿ ಆಗ್ಬೇಕು. ಹೋದ್ಸಾರಿ ಮಾತು ಕೊಟ್ಟು ಒಂದು ತಿಂಗಳು ಆಟ ಆಡಿಸಿದ್ರಿ!"

"ಇಡಮ್ಮ, ಇಡು. ನಿನ್ ಬಾಯಿಗೇ ಮೊದ್ಲು ಕಲಾಯಿ ಹಾಕ್ಬೇಕು" ಎಂದ ಮನ್ಸೂರ್. ಆದರೆ ನಗು ಬರಲಿಲ್ಲ.

ಉಮಾ ಬ್ಯಾಗು ನೋಡಿದಳು. ಗೋಡೆಗೆ ಬೆನ್ನು ಅಂಟಿಸಿ ಕೂತ ಅತೀಕನನ್ನೂ ನೋಡಿದಳು. "ಏನ್ ಶಕೀಲಕ್ಕ ಇದು? ಹುಡುಗ ಇಷ್ಟು ಇಳಿದೋಗವ್ನೆ! ಮಾತ್ರೆ ಕೊಡ್ತಿಲ್ವಾ?"

"ಬೆಳಗ್ಗೆ ಕುಣಿಗಲ್ ಕಡೆ ಬೇರಿನ ಔಷಧಿಗೆ ಬಿಡಕ್ಕೆ ಹೋಗ್ತಿದೀವಿ ನರ್ಸಮ್ಮ. ಮಾತ್ರೆನೂ ಬೇಕಾದಾಗ ಕೊಟ್ಟಿದೀನಿ. ಹಾಳು ಮಾಡೋಳಲ್ಲ ನಾನು. ನೋಡು ಬೇಕಾದ್ರೆ" ಎಂದು ಶಕೀಲಾ ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಡಬ್ಬಿಯ ತುಂಬಾ ಮಾತ್ರೆಯ ಪಟ್ಟಿಗಳು! ಮನೆ ನಡೆಸುವ ಹೆಂಗಸು ಸಕ್ಕರೆ ಉಳಿಸಿದ ಹಾಗೆ ಉಳಿಸಿಟ್ಟಿದ್ದಳು.

ಉಮಾ ಒಂದು ಪಟ್ಟಿ ಎತ್ತಿ ತಿರುವಿ ನೋಡಿದಳು. "ಇಷ್ಟು ಹೆಂಗೆ ಉಳೀತಕ್ಕ?"

"ನಿದ್ದೆ ಮಾತ್ರೆ ಅಲ್ವಾ? ಅವನಾಗೇ ನಿದ್ದೆ ಮಾಡಿದ ದಿನ ಯಾಕೆ ಕೊಡ್ಲಿ? ನಿದ್ದೆ ಬರ್ದೇ ಒದ್ದಾಡಿದ ದಿನ ಕೊಡ್ತಿದ್ದೆ. ಆಮೇಲೆ ದಿನಾ ಚೆನ್ನಾಗಿ ಮಲಗ್ತಿದ್ದ. ಸುಮ್ನೆ ಅಭ್ಯಾಸ ಆಗೋಗುತ್ತೆ ಅಂತ ಬಿಟ್ಟೇ ಬಿಟ್ಟೆ."

"ನಿದ್ದೆ ಮಾತ್ರೆ ಅಂತ ಯಾರಂದ್ರು?"

ಶಕೀಲಾ ಯೋಚಿಸಿದಳು. ಯಾರೂ ಅಂದಿರಲಿಲ್ಲ. ಮೊದಲ ದಿನ ಮಾತ್ರೆ ನುಂಗಿದ ಹುಡುಗ ವಾರದ ನಿದ್ದೆಯನ್ನೆಲ್ಲ ಒಮ್ಮೆಗೇ ಮಾಡಿದ್ದ. ಅಂದೇ ಅವಳು ಅದಕ್ಕೆ ಆ ಹೆಸರಿಟ್ಟಿದ್ದಳು. ಆ ಹೆಸರು ಮನೆಮಂದಿಯ ಬಾಯಲ್ಲೆಲ್ಲ ಕೂತುಬಿಟ್ಟಿತ್ತು.

"ಅದು ನಿದ್ದೆಗಲ್ಲಕ್ಕ. ಇಲ್ಲದ ದನಿ ಕೇಳುತ್ತಲ್ಲ, ಯಾರೋ ಕೊಲ್ತಾರೆ ಅಂತ ಹೆದರಿಕೆ ಆಗುತ್ತಲ್ಲ, ಅದನ್ನ ತಡೆಯೋ ಮಾತ್ರೆ. ನಿದ್ದೆ ಬರ್ಲಿ, ಬರ್ದೇ ಇರ್ಲಿ, ದಿನಾ ತಗೋಬೇಕು. ಅವನು ಚೆನ್ನಾಗಿದ್ದಿದ್ದೇ ಅದರಿಂದ."

ಮನ್ಸೂರ್ ಒಪ್ಪಲಿಲ್ಲ. "ಚೆನ್ನಾಗಾದ್ಮೇಲೂ ಯಾಕಮ್ಮ ಮಾತ್ರೆ? ವಾಸಿ ಆದ್ಮೇಲೂ ನುಂಗ್ತಾನೇ ಇರು ಅಂದ್ರೆ ಅದೆಂಥ ಔಷಧಿ?"

"ಸಾಬ್ರೇ, ನೀವು ಕಲಾಯಿ ಹಾಕಿದ ಪಾತ್ರೆ ಬೆಳ್ಳಗೆ ಹೊಳೀತಿದೆ, ಇನ್ಯಾಕೆ ಕಲಾಯಿ ಅಂತ ಯಾರಾದ್ರೂ ಅದನ್ನ ಕೆರೆದು ಹಾಕಿದ್ರೆ ನೀವೇನಂತೀರ?"

"ಹುಚ್ಚ ಅಂತೀನಿ! ಹೊಳೀತಿರೋದೇ ಕಲಾಯಿ ಕಣಮ್ಮ. ಕೆರೆದು ಹುಳಿ ಕಾಯಿಸಿದ್ರೆ ಕಿಲುಬೇ ಗತಿ" ಎಂದವನು ಅಲ್ಲಿಗೇ ನಿಂತ. ಅವಳು ತಂದ ಪಾತ್ರೆಯ ಒಳಗನ್ನು ಹೆಬ್ಬೆರಳಿನಿಂದ ಸವರಿದ. ಮೂವತ್ತು ವರ್ಷ ಊರವರಿಗೆಲ್ಲ ಹೇಳಿದ ಮಾತು ಅವನ ಮನೆಯೊಳಗೇ ಬಂದು ನಿಂತಿತ್ತು.

ಶಕೀಲಾ ಮಾತ್ರ ಬಿಡಲಿಲ್ಲ. "ಸುಳ್ಳಲ್ಲ ನರ್ಸಮ್ಮ, ಆ ಮಾತ್ರೆ ತಗೊಂಡ್ರೆ ಬಾಯೊಣಗೋದು, ಕೈ ನಡುಗೋದು. ಮಂಪರು ಬೇರೆ. ಕಣ್ಣಾರೆ ಕಂಡಿದೀನಿ."

"ನಿಜ. ಕೆಲವ್ರಿಗೆ ಹಂಗಾಗುತ್ತೆ. ಅದನ್ನ ಡಾಕ್ಟ್ರಿಗೆ ಹೇಳಿದ್ರಾ?"

"ಇಲ್ಲ."

"ಹೇಳಿದ್ರೆ ಕಮ್ಮಿ ಮಾಡ್ತಾರೆ, ಇಲ್ಲ ಬೇರೆ ಬರ್ದು ಕೊಡ್ತಾರೆ. ಚಪ್ಪಲಿ ಕಚ್ಚಿದ್ರೆ ಬೇರೆ ಅಳತೆದು ಕೇಳ್ತೀವಿ. ಬರಿಗಾಲಲ್ಲಿ ಮುಳ್ಳು ತುಳೀತೀವಾ?"

"ಹಂಗಾದ್ರೆ ದುವಾ ಓದ್ಸೋದೂ ಬಿಡ್ಬೇಕಾ? ತೋಳಿನ ತಾಯಿತ ಬಿಚ್ಬೇಕಾ?"

"ಯಾರಂದ್ರು? ದುವಾನೂ ಇರ್ಲಿ, ದವಾನೂ ಇರ್ಲಿ. ಪ್ರಾರ್ಥನೆಗೂ ಔಷಧಿಗೂ ಜಗಳ ಇಲ್ಲ. ನಾನು ಬೇಡ ಅನ್ನೋದು ಮಾತ್ರೆ ನಿಲ್ಸು ಅನ್ನೋರನ್ನ, ಕಟ್ಟಿ ಹಾಕೋರನ್ನ."

'ಕಟ್ಟಿ' ಎಂಬ ಮಾತಿಗೆ ಮನ್ಸೂರ್ ತಲೆ ತಗ್ಗಿಸಿದ.

"ಕುಣಿಗಲ್ ಕಡೆ ಹೋಗಿದ್ದೆನಲ್ಲ" ಎಂದ ಮೆಲ್ಲಗೆ, "ಅಲ್ಲಿ ಮೂರು ಜನ ಇದ್ರು. ಕಾಲಿಗೆ ಸರಪಳಿ. ಒಬ್ಬ ಇವನ ವಯಸ್ಸಿನೋನು. ನೀರು ಕೇಳ್ತಿದ್ದ."

"ನಂಗೆ ಹೇಳ್ಲೇ ಇಲ್ವಲ್ಲ ನೀವು!" ಎಂದಳು ಶಕೀಲಾ.

"ಹೇಳಿದ್ರೆ ನೀನು ಕಳಿಸ್ತಿರ್ಲಿಲ್ಲ. ನಂಗೆ ಬೇರೆ ದಾರಿ ಗೊತ್ತಿರ್ಲಿಲ್ಲ."

ಶಕೀಲಾ ಎದ್ದಳು. ಬ್ಯಾಗಿನಿಂದ ಲುಂಗಿ, ಟವಲು ತೆಗೆದು ಗೂಟಕ್ಕೆ ಹಾಕಿದಳು. ಉಳಿಸಿಟ್ಟ ಮಾತ್ರೆಯಲ್ಲಿ ಒಂದನ್ನು ಈಗಲೇ ಕೊಡಲು ಹೊರಟವಳನ್ನು ಉಮಾ ತಡೆದಳು. "ಬೇಡಕ್ಕ. ಹಳೇದು, ಈಗ ಎಷ್ಟು ಕೊಡ್ಬೇಕು ಅಂತ ನಮ್ಗೆ ಗೊತ್ತಿಲ್ಲ. ನಾಳೆ ಡಾಕ್ಟ್ರು ನೋಡಿ ಹೇಳ್ಲಿ. ಹಳೇ ಚೀಟಿ, ಈ ಡಬ್ಬಿ ಎರಡೂ ತಗೊಂಡು ಹೋಗಿ."

ಇನ್ನು ಹುಡುಗ ಒಪ್ಪಬೇಕಲ್ಲ! ಉಮಾ ಅತೀಕನ ಹತ್ತಿರ ಹೋಗಿ, ತುಸು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು. ವಿಷ ಇಲ್ಲ ಎಂದು ವಾದ ಮಾಡಲಿಲ್ಲ. ನಿನಗೆ ತಲೆ ಕೆಟ್ಟಿದೆ ಎಂದೂ ಅನ್ನಲಿಲ್ಲ.

"ತುಂಬಾ ಹೆದರಿಕೆ ಆಗ್ತಿದ್ಯಾ ಅತೀಕ್?"

ಅವನು ಮಂಡಿಗೆ ಗಲ್ಲ ಊರಿದ. "ಹೂಂ, ಅಕ್ಕ. ಸಾಕಾಗೋಗಿದೆ."

"ಆ ಹೆದರಿಕೆ ಕಮ್ಮಿ ಮಾಡ್ಕೊಳ್ಳಕ್ಕೆ ಡಾಕ್ಟ್ರತ್ರ ಹೋಗೋಣ್ವಾ? ನಾನೂ ರಜ ಹಾಕಿ ಬರ್ತೀನಿ."

"ಅಮ್ಮಿ ಮಾತ್ರೆ ಬಿಡ್ಸಿ ಕೊಟ್ರೆ ನಾನು ತಿನ್ನಲ್ಲ."

"ನೀನೇ ಬಿಡ್ಸ್ಕೊ. ಪಟ್ಟಿಗೆ ಸೀಲ್ ಇರುತ್ತೆ. ನಿನ್ ಕೈಯಾರೆ ಒಡ್ದು ನುಂಗು. ಅಮ್ಮಿ ಸುಮ್ನೆ ನೋಡ್ತಿರ್ಲಿ."

ಮಗ ಒಮ್ಮೆ ತಾಯಿಯ ಮುಖ ನೋಡಿದ. "ಹಂಗಾದ್ರೆ ಆಗ್ಬೋದು."

ಮರುದಿನ ಕುಣಿಗಲ್ ಬಸ್ಸು ಅವರಿಲ್ಲದೆ ಹೋಯಿತು. ಆಸ್ಪತ್ರೆಯಲ್ಲಿ ವೈದ್ಯರು ಎಲ್ಲ ಕೇಳಿ, ಹೊಸದಾಗಿ ಮಾತ್ರೆ ಬರೆದು, ಹದಿನೈದು ದಿನಕ್ಕೆ ಮತ್ತೆ ಬನ್ನಿ ಎಂದರು. ಅತೀಕನ ಕೈ ನಡುಗಿದಾಗ ಶಕೀಲಾ ಮಾತ್ರೆ ನಿಲ್ಲಿಸಲಿಲ್ಲ, ಆಸ್ಪತ್ರೆಗೆ ಹೋಗಿ ಹೇಳಿದಳು. ಅವರು ಅಳತೆ ಬದಲಿಸಿದರು. ಇನ್ನೆಷ್ಟು ದಿನ ಎಂದು ಕೇಳಿದ್ದಕ್ಕೆ, "ಅದನ್ನ ನೀವೂ ನಾನೂ ಸೇರಿ ನೋಡೋಣಮ್ಮ, ನೀವೊಬ್ಬರೇ ತೀರ್ಮಾನ ಮಾಡಬೇಡಿ" ಎಂದರು.

ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಮೊದಲು ಹೆದರಿಕೆ ಇಳಿಯಿತು. ಆಮೇಲೆ ಆ ದನಿಗಳು ದೂರವಾದವು. ಮೂರನೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಅತೀಕ್ ಅಪ್ಪನ ಪಕ್ಕ ಕೂತು ತಾಯಿ ಬಡಿಸಿದ ಅನ್ನ, ಬೇಳೆಸಾರಿನ ತಟ್ಟೆಗೆ ಕೈ ಹಾಕಿದ. ಎರಡು ತುತ್ತು ತಿಂದವನು ಮುಖ ಸಿಂಡರಿಸಿದ.

"ಏನಮ್ಮಿ ಇದು, ದಾಲ್ಚಾಗೆ ಇಷ್ಟೊಂದು ಹುಳಿ!"

ಶಕೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅತ್ತಳೋ ನಕ್ಕಳೋ ಮನ್ಸೂರನಿಗೂ ತಿಳಿಯಲಿಲ್ಲ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಾತ್ರೆ ತಗೊಳ್ಳುವವರು ಇದ್ದರೆ ಇವತ್ತೇ ಕೇಳಿ: ದಿನಾ ತಗೊಳ್ತಿದ್ದಾರಾ? ತೊಂದರೆ ಏನಾದರೂ ಇದೆಯಾ? ತೊಂದರೆ ಇದ್ದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ನಿಂತುಹೋಗಿದ್ದರೆ ಹಳೆಯ ಚೀಟಿ ಹುಡುಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಮ ದೇವರ ಪೂಜೆ, ದುವಾ, ಹರಕೆ ಯಾವುದನ್ನೂ ಬಿಡಬೇಡಿ. ಆದರೆ ಕಾಯಿಲೆ ಬಿದ್ದ ಮನುಷ್ಯನನ್ನು ಕಟ್ಟಿ ಹಾಕುವ ಅಂಗಳಕ್ಕೆ ಮಾತ್ರ ಬಿಟ್ಟು ಬರಬೇಡಿ. ಅಲ್ಲಿ ನೀರು ಕೇಳುತ್ತಿದ್ದ ಹುಡುಗನಿಗೂ ಒಬ್ಬ ತಾಯಿ ಇದ್ದಾಳೆ. ಅವಳಿಗೆ ಇದನ್ನು ಯಾರೂ ಹೇಳಿಲ್ಲ. ನಿಮಗೆ ಅವಳು ಸಿಕ್ಕರೆ, ನೀವು ಹೇಳಿ.