ಕೆಂಗಿಡುಗನ ರೆಕ್ಕೆ

ದಾಕ್ಷಾಯಿಣಿ ಬಾಗಿಲಿಗೆ ಬೆನ್ನು ಮಾಡಿ ಕೂತು ನನ್ನ ಅಂಚಿನ ಜರಿಯನ್ನು ಬಿಚ್ಚುತ್ತಿದ್ದಳು. ಬ್ಲೇಡಿನ ತುದಿಯಿಂದ ಒಂದು ಹೊಲಿಗೆ ಕತ್ತರಿಸುವಳು, ದಾರದ ತುಣುಕನ್ನು ಉಗುರಿನಲ್ಲಿ ಎಳೆದು ಪಕ್ಕದ ತಟ್ಟೆಗೆ ಹಾಕುವಳು, ಮತ್ತೆ ಮುಂದಿನ ಹೊಲಿಗೆ. ಆಚೆ ಮೂಲೆಯಲ್ಲಿ ಅಂಗಡಿಯ ಯಜಮಾನರಾದ ಚನ್ನವೀರಪ್ಪನವರು ಕಿರೀಟಗಳ ಧೂಳು ಒರೆಸುತ್ತಿದ್ದರು. ಜರಿಯೆಲ್ಲ ಬಿಟ್ಟ ಮೇಲೆ ಅವಳು ನನ್ನನ್ನು ನೆಲಕ್ಕೆ ಹರಡಿ, ಸೀಮೆಸುಣ್ಣದಿಂದ ಎರಡು ಬಾಗಿದ ಗೆರೆ ಎಳೆದು, ಕತ್ತರಿ ಹಾಕಿದಳು. ನಾನು ರೆಕ್ಕೆಯಾಗಿ ಹುಟ್ಟಿದ್ದು ಹಾಗೆ.

ಅದಕ್ಕೂ ಮೊದಲು ನಾನು ರಾಜರ ಬೆನ್ನಿನ ಮೇಲಿದ್ದೆ. ನಾನೊಂದು ಕೆಂಪು ಮಖಮಲ್ಲಿನ ಬಟ್ಟೆ. ನಾಟಕದ ರಾಜನ ಹೆಗಲಿನಿಂದ ಹಿಂದಕ್ಕೆ ಇಳಿಬಿದ್ದು ರಂಗದ ನೆಲ ಗುಡಿಸುತ್ತ ಹೋಗುವ ಬಟ್ಟೆ. ನನ್ನನ್ನು ಹೊಲಿಸಿದ ನಾಟಕ ಕಂಪನಿ ಮುಚ್ಚಿದಾಗ ಕತ್ತಿ, ಗದೆ, ಗಡ್ಡಗಳ ಜೊತೆ ನಾನೂ ಗದಗಿನ ಈ ಡ್ರೆಸ್ ಅಂಗಡಿಗೆ ಬಂದೆ. ಸುತ್ತಲ ಹಳ್ಳಿಗಳಲ್ಲಿ ನಾಟಕ ಕಲಿತವರು ನನ್ನನ್ನು ಬಾಡಿಗೆಗೆ ಒಯ್ಯುತ್ತಿದ್ದರು. ನಾನು ಯಾವ ರಾಜನ ಮುಖವನ್ನೂ ಸರಿಯಾಗಿ ನೋಡಿದ್ದಿಲ್ಲ. ನನಗೆ ಗೊತ್ತಿದ್ದದ್ದು ಬೆನ್ನು. ಮುಂದೆ ಗರ್ಜಿಸುವವನ ಬೆನ್ನು ಹಿಂದೆ ಬೆವರುತ್ತಿರುತ್ತದೆ. ಮಾತು ಮರೆತುಹೋದಾಗ ಹೆಗಲಿನ ಎರಡೂ ಮೂಳೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಜನ ಚಪ್ಪಾಳೆ ತಟ್ಟುವಾಗ ನಾನೊಂದೇ ಆ ನಡುಕವನ್ನು ಮುಚ್ಚಿಕೊಂಡು ನಿಂತಿರುತ್ತಿದ್ದೆ.

ಹಳ್ಳಿಯ ನಾಟಕಗಳು ಕಡಿಮೆಯಾದವು. ನಾನು ಟ್ರಂಕಿನಲ್ಲಿ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿದ್ದೆ. ಆಗ ಅಂಗಡಿಯ ಎದುರಿನ ಟಾಕೀಸಿಗೆ ‘ಕೆಂಗಿಡುಗ’ ಬಂತು.

ಕೆಂಗಿಡುಗ ಹಗಲು ಬಸ್ ಕಂಡಕ್ಟರ್. ಯಾರಿಗಾದರೂ ಅಪಾಯ ಬಂತೆಂದರೆ ಮುಖವಾಡ ಹಾಕಿ, ಬೆನ್ನಿಗೆ ಕೆಂಪು ರೆಕ್ಕೆ ಕಟ್ಟಿಕೊಂಡು ಹಾರುತ್ತಾನೆ. ಸಿನಿಮಾದ ಕೊನೆಯಲ್ಲಿ ವೈರಿ ಅವನ ರೆಕ್ಕೆಯನ್ನು ಸುಟ್ಟುಬಿಡುತ್ತಾನೆ. ಬರಿಬೆನ್ನಿನ ಗಿಡುಗ ಅಣೆಕಟ್ಟಿನ ಅಂಚಿಗೆ ಬಂದು ಒಂದು ಕಾಲನ್ನು ಗಾಳಿಯಲ್ಲಿ ಇಡುತ್ತಾನೆ. ಅಷ್ಟರಲ್ಲಿ ತೆರೆ ಕಪ್ಪಾಗುತ್ತದೆ. ಉಳಿದದ್ದು ಎರಡನೇ ಭಾಗದಲ್ಲಿ.

ಶಾಲೆಯ ವೇಷದ ಸ್ಪರ್ಧೆಗೆ ಕೃಷ್ಣ, ಓಬವ್ವ ಆಗುತ್ತಿದ್ದ ಮಕ್ಕಳೆಲ್ಲ ಆ ವರ್ಷ ಗಿಡುಗ ಆಗಬೇಕೆಂದು ಹಟ ಹಿಡಿದರು. ಅದಕ್ಕೇ ಟ್ರಂಕು ತೆರೆದದ್ದು. ದಾಕ್ಷಾಯಿಣಿ ನನ್ನ ಕೊರಳಿಗೆ ಟಿಚ್ ಬಟನ್ ಹಾಕಿದಳು. ಚಿಕ್ಕವರಿಗೆ ಉದ್ದವಾದರೆ ಕೆಳಗೆ ಮಡಚಿ ಪಿನ್ನು ಚುಚ್ಚುತ್ತಿದ್ದಳು. ಆಟೋ ಓಡಿಸುವ ದಾದಾಪೀರ್ ತನ್ನ ಮಗಳು ಮುಸ್ಕಾನಳಿಗಾಗಿ ನನ್ನನ್ನು ಒಯ್ದಿದ್ದ. ಸ್ಪರ್ಧೆ ಮುಗಿದ ಮೇಲೆ ಹುಡುಗಿ ನನ್ನನ್ನು ಬಿಡಲೊಲ್ಲದೆ ಅಂಗಡಿಯ ಕಟ್ಟೆಯ ಮೇಲೆ ಓಡಾಡಿದಳು. ಅವಳು ಮೂರನೇ ಸಲ ಎದುರಿಗೆ ಬಂದಾಗ ದಾದಾಪೀರ್ ನಗುತ್ತ ನನ್ನ ತುದಿ ಹಿಡಿದು ಎಳೆದ. ಬಟನ್ ಟಿಕ್ಕೆಂದು ಬಿಟ್ಟು ನಾನು ಅವನ ಕೈಗೆ ಬಂದೆ.

ದಾಕ್ಷಾಯಿಣಿಯ ಬಗ್ಗೆ ಹೇಳಬೇಕು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಅಂಗಡಿ ಸೇರಿದವಳು. ಹೊರಗಿನವರು ಬಂದರೆ ತಲೆ ಎತ್ತುತ್ತಿರಲಿಲ್ಲ, ಆದರೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳು ಮತ್ತು ಅಣ್ಣ ಮೈಲಾರಿ, ಇಬ್ಬರೇ. ಮೈಲಾರಿ ಪೆಂಡಾಲು ಕಟ್ಟುವವನು. ಊರಿನ ಮದುವೆ ಚಪ್ಪರಗಳು, ಟಾಕೀಸಿನ ಕಟೌಟುಗಳ ಹಿಂದಿನ ಬೊಂಬಿನ ಕಟ್ಟು, ಎಲ್ಲ ಅವನ ಕೈಯವೇ. ಸಂಜೆ ಅವನು ಕರೆಯಲು ಬಂದಾಗ ಅವಳು ಮೊದಲು ಅವನ ಅಂಗೈ, ಆಮೇಲೆ ಮೊಣಕಾಲು ನೋಡುತ್ತಿದ್ದಳು. ಗಾಯವಿಲ್ಲವೆಂದು ಕಂಡ ಮೇಲೆ ಚಪ್ಪಲಿ ಮೆಟ್ಟುತ್ತಿದ್ದಳು.

ಎರಡನೇ ಭಾಗದ ಸುದ್ದಿ ಬಂದ ದಿನದಿಂದ ನಮ್ಮ ಕಟ್ಟೆಯ ಮೇಲೆ ವಾದ ಶುರುವಾಯಿತು. ಅಭಿಮಾನಿ ಸಂಘದ ಅಧ್ಯಕ್ಷ ಫಕ್ಕೀರೇಶನಿಗೆ ಮೊಬೈಲ್ ರಿಪೇರಿ ಅಂಗಡಿಯಿತ್ತು. ದಾದಾಪೀರ್ ಉಪಾಧ್ಯಕ್ಷ.

“ಅವನ ಶಕ್ತಿ ಇರೋದು ರೆಕ್ಕ್ಯಾಗ,” ಎನ್ನುತ್ತಿದ್ದ ಫಕ್ಕೀರೇಶ. “ಮೊದಲನೇ ಭಾಗದಾಗ ರೆಕ್ಕಿ ಇಲ್ಲದ ಒಂದ ಸಲಾನರ ಹಾರ್ಯಾನೇನು? ಹೇಳು.”

“ಹಂಗಾರ ನಾಳೆ ನೀ ರೆಕ್ಕಿ ಕಟ್ಕೊಂಡ ಹಾರ್ತಿ?”

“ನಾ ಯಾಕ ಹಾರ್ಲಿ? ನಂಗೇನ್ ಹುಚ್ಚ ಹಿಡದೈತಿ?”

“ಅದನ್ನ ಹೇಳಾಕತ್ತೀನಿ ನೋಡು,” ಎಂದು ದಾದಾಪೀರ್ ತೊಡೆ ತಟ್ಟಿದ. “ಶಕ್ತಿ ಇರೋದು ಮನಷ್ಯಾನಾಗ. ರೆಕ್ಕಿ ಬರೇ ಶೋಕಿ.”

“ಶೋಕಿ ಅಂತ! ಕೇಳ್ರಪೋ, ಉಪಾಧ್ಯಕ್ಷರು ರೆಕ್ಕಿಗೆ ಶೋಕಿ ಅಂತಾರ!”

ಟೀಸರ್ ಬಂದಾಗ ಗೋಡೆಯ ಮೇಲೆ ಸರಿದುಹೋಗುವ ಒಂದು ನೆರಳು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಫಕ್ಕೀರೇಶ ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದ.

“ಇಲ್ಲೆ ನೋಡಲೇ, ಹೆಗಲ ಮ್ಯಾಲ ಉಬ್ಬು. ರೆಕ್ಕಿ ಅಲ್ಲದ ಮತ್ತೇನದು?”

“ಅದು ನಿನ್ನ ಮೊಬೈಲಿನ ಗ್ಲಾಸ್ ಒಡದದ್ದು ಮಾರಾಯ. ಊರ ಮಂದೀದೆಲ್ಲ ರಿಪೇರಿ ಮಾಡ್ತಿ, ನಿಂದೊಂದು ಮಾಡ್ಕೋ.”

ಎಲ್ಲರೂ ನಕ್ಕರು. ಫಕ್ಕೀರೇಶ ನಗಲಿಲ್ಲ. ಆ ನಗು ಅವನಿಗೆ ಎಲ್ಲೋ ನಾಟಿತ್ತು. ಮರುದಿನದಿಂದ ಅವನ ಕಡೆಯವರು ಕಟ್ಟೆ ಬಿಟ್ಟು ಪಕ್ಕದ ಚಹಾ ಅಂಗಡಿ ಸೇರಿದರು. ಸಂಘದ ವಾಟ್ಸಾಪ್ ಗುಂಪು ಎರಡಾಯಿತು. ದಾದಾಪೀರನ ಆಟೋದ ಹಿಂದೆ ಬರೆಸಿದ್ದ ಗಿಡುಗನ ಚಿತ್ರದಲ್ಲಿ ಯಾರೋ ರೆಕ್ಕೆಯನ್ನಷ್ಟೇ ಮೊಳೆಯಿಂದ ಗೀಚಿದ್ದರು. ಪಕ್ಕದಲ್ಲಿ ‘ಶೋಕಿ’ ಎಂದು ಬರೆದಿದ್ದರು. ದಾದಾಪೀರ್ ಆ ಚಹಾ ಅಂಗಡಿಯ ಮುಂದೆ ಆಟೋ ನಿಲ್ಲಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿ ಹೋದ. ದಾಕ್ಷಾಯಿಣಿಯ ಸೂಜಿ ಅವತ್ತು ಎರಡು ಸಲ ಬೆರಳಿಗೆ ಚುಚ್ಚಿತು.

ಎರಡನೇ ಭಾಗದ ಕಟೌಟಿನ ವಿಷಯಕ್ಕೆ ಜಗಳ ಬಲಿಯಿತು. ರೆಕ್ಕೆ ಬರೆಯಬೇಕೋ ಬೇಡವೋ? ಟಾಕೀಸಿನ ಮ್ಯಾನೇಜರು ಹೆದರಿ, “ಬರೀಲೂಬ್ಯಾಡ್ರಿ, ಬಿಡಲೂಬ್ಯಾಡ್ರಿ” ಎಂದುಬಿಟ್ಟರು. ಪೇಂಟರು ತಲೆ ಕೆರೆದುಕೊಂಡು ಬರಿ ಹೆಗಲು ಬರೆದು ಹೋದ. ದಾದಾಪೀರನ ಕಡೆಯವರು ಗೆದ್ದೆವೆಂದು ಡೊಳ್ಳು ಬಾರಿಸಿ, ಟ್ರೇಲರ್ ಬರುವ ದಿನ ಬೆಳಿಗ್ಗೆಯೇ ಕಟೌಟು ನಿಲ್ಲಿಸಿಬಿಟ್ಟರು. ಹಿಂದಿನ ಬೊಂಬು ಕಟ್ಟಿದವನು ಮೈಲಾರಿ. ಅವನು ಯಾವ ಕಡೆಯವನೂ ಅಲ್ಲ. ಯಾರಾದರೂ ಕೇಳಿದರೆ, “ನಂಗ ಸಿನಿಮಾ ನೋಡಾಕ ಎಲ್ಲಿ ಹೊತ್ತೈತ್ರಿ, ನಂದು ಕಟ್ಟೋದಷ್ಟ” ಎನ್ನುತ್ತಿದ್ದ.

ಮಧ್ಯಾಹ್ನ ಫಕ್ಕೀರೇಶ ಅಂಗಡಿಗೆ ನುಗ್ಗಿದ. ಕಣ್ಣು ಕೆಂಪಾಗಿತ್ತು.

“ಕಾಕಾರ, ಆ ರೆಕ್ಕಿ ಕೊಡ್ರಿ. ಗಿಡುಗನ ಹೆಗಲಿಗೆ ಕಟ್ಟಸ್ತೀನಿ. ಟಿಚ್ ಬಟನ್ ತಗಸಿ ನೈಲಾನ್ ಹಗ್ಗ ಹಾಕಸ್ರಿ. ಗಾಳಿಗೆ ಬಿಚ್ಚಿ ಬಿತ್ತಂದ್ರ ಆ ದಾದ್ಯಾನ ಮುಂದ ನನ್ನ ಮಾನ ಹೋಗತೈತಿ.”

ಚನ್ನವೀರಪ್ಪನವರು ದಾಕ್ಷಾಯಿಣಿಯ ಕಡೆ ನೋಡಿದರು. ಅವಳು ಬಟನ್ ಕಿತ್ತು, ಹಗ್ಗದ ಎರಡು ತುಂಡನ್ನು ನನ್ನ ಕೊರಳಿನ ಎರಡೂ ಕಡೆ ಇಟ್ಟು ಎರಡೆರಡು ಸಲ ಹೊಲಿದಳು. ಅಷ್ಟರಲ್ಲಿ ಫಕ್ಕೀರೇಶ ಮೈಲಾರಿಯನ್ನು ಕರೆಸಿದ್ದ. ಮೈಲಾರಿ ಮೇಲಕ್ಕೊಮ್ಮೆ ನೋಡಿ, “ಎರಡ ನಿಮಿಷದ ಕೆಲಸ” ಎಂದ.

ಆಗ ದಾಕ್ಷಾಯಿಣಿ ಬಾಗಿಲ ತನಕ ಬಂದಳು. “ಅಣ್ಣಾ, ಕೊಳ್ಳಿಗೆ ಕಟ್ಕೋಬ್ಯಾಡ.”

“ಎರಡೂ ಕೈಲೆ ಬೊಂಬು ಹಿಡೀಬೇಕಲ್ಲ ದಾಕ್ಷವ್ವಾ.”

“ಸೊಂಟಕ್ಕರ ಕಟ್ಕೋ.”

“ಏ, ಕೊಳ್ಳಿಗೇ ಕಟ್ಕೊಂಡ ಹತ್ತಲೇ ಮೈಲಾರಿ!” ಎಂದು ಫಕ್ಕೀರೇಶ ಮೊಬೈಲ್ ಎತ್ತಿದ. “ವಿಡಿಯೋ ಮಾಡ್ತೀನಿ. ಖರೇ ಗಿಡುಗನಂಗ ಕಾಣ್ತಿ!”

ಸೀಟಿಗಳು ಎದ್ದವು. ಮೈಲಾರಿ ನಾಚಿಕೊಂಡು ನಕ್ಕು ಹಗ್ಗವನ್ನು ಕೊರಳಿಗೆ ಗಂಟು ಹಾಕಿಕೊಂಡ. ಅವಳು ಇನ್ನೇನೋ ಹೇಳಿದಳು. ಅದು ನನಗೂ ಕೇಳಿಸಲಿಲ್ಲ.

ಅವನು ಹತ್ತಿದ. ನಾನು ಕಂಡ ಬೆನ್ನುಗಳಲ್ಲೆಲ್ಲ ಒಣಗಿದ್ದ ಬೆನ್ನು ಅದೊಂದೇ. ಉಸಿರು ಒಂದೇ ಸಮ. ಕೈ ಬೊಂಬನ್ನು ಹುಡುಕುತ್ತಿರಲಿಲ್ಲ. ಬೊಂಬೇ ಕೈಗೆ ಬರುತ್ತಿತ್ತು. ಮೊದಲ ಸಲ ನನಗೆ ಗಾಳಿ ತಾಗಿತು. ಟ್ರಂಕು, ರಂಗ, ಶಾಲೆಯ ಸಭಾಂಗಣ ಇವನ್ನಷ್ಟೇ ಕಂಡಿದ್ದ ನಾನು ಗದಗಿನ ಮಾಳಿಗೆಗಳನ್ನು ಮೇಲಿನಿಂದ ನೋಡಿದೆ. ಒಂದು ಕ್ಷಣ ಫಕ್ಕೀರೇಶನ ಮಾತು ನಿಜವಿರಬಹುದೇ ಎಂದು ನನಗೂ ಅನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಆಗ ಕೆಳಗೆ ದಾದಾಪೀರನ ಆಟೋ ಕಿರ್ರೆಂದು ನಿಂತಿತು.

“ಯಾರಲೇ ಮ್ಯಾಲ ಹತ್ತಿಸಿದ್ದು? ನಾವು ನಿಲ್ಲಿಸಿದ ಕಟೌಟಿಗೆ ನೀವ್ಯಾರಲೇ ಬಟ್ಟಿ ಕಟ್ಟಾಕ?”

“ನಿಮ್ಮಪ್ಪನ ಕಟೌಟೇನು? ಗಿಡುಗ ಎಲ್ಲಾರಿಗೂ ಗಿಡುಗ!”

ತಳ್ಳಾಟ ಶುರುವಾಯಿತು. ಬೊಂಬಿನ ಬುಡಕ್ಕೆ ಹೆಗಲುಗಳು ಬಡಿದವು. ಮೇಲೆ ಮೈಲಾರಿಯ ಹೆಗಲ ಮೂಳೆಗಳು ಹತ್ತಿರ ಬಂದವು. “ಬೊಂಬು ಅಳ್ಳಾಡಸಬ್ಯಾಡ್ರೋ!” ಎಂದು ಅವನು ಕೂಗಿದ. ದಾದಾಪೀರ್ ಆಗಲೇ ಅವನ ಹಿಂದೆ ಹತ್ತುತ್ತಿದ್ದ. ಅವನಿಗೆ ಮೈಲಾರಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ನನ್ನ ಮೇಲೆ. ನನ್ನ ಕೆಳತುದಿ ಅವನ ಕೈಗೆ ಸಿಕ್ಕಿತು. ಮಗಳ ಬೆನ್ನಿನಿಂದ ನನ್ನನ್ನು ಎಳೆದದ್ದು ಆ ಕೈಗೆ ನೆನಪಿತ್ತು. ಎಳೆದರೆ ಟಿಕ್ಕೆಂದು ಬಿಚ್ಚಿ ಬರುತ್ತದೆ ಎಂದೇ ಅವನು ತಿಳಿದಿದ್ದ.

ಅವನು ಎಳೆದ.

ನೈಲಾನ್ ಹಗ್ಗ ಮೈಲಾರಿಯ ಕೊರಳಿಗೆ ಬಿಗಿದುಕೊಂಡಿತು. ತಲೆ ಹಿಂದಕ್ಕೆ ಬಾಗಿತು. ಒಂದು ಕೈ ಬೊಂಬು ಬಿಟ್ಟು ಕೊರಳಿಗೆ ಬಂತು. ಕೆಳಗಿನವರಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಸೀಟಿ ಹೊಡೆಯುತ್ತಿದ್ದರು. ದಾದಾಪೀರ್ ಇನ್ನೂ ಜೋರಾಗಿ ಎಳೆದ. ಬಟ್ಟೆಯಾದ ನಾನು ಎಳೆದ ಕಡೆ ಹೋಗಬೇಕು, ಕಟ್ಟಿದ ಕಡೆ ನಿಲ್ಲಬೇಕು. ನನ್ನ ಒಂದು ತುದಿಯಲ್ಲಿ ಒಬ್ಬನ ಹಟ, ಇನ್ನೊಂದು ತುದಿಯಲ್ಲಿ ಒಬ್ಬನ ಉಸಿರು. ಆ ಉಸಿರು ನನ್ನ ಕೆಳಗೆ ನಿಂತುಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಅಂಗಡಿಯ ಬಾಗಿಲಿನಿಂದ ದಾಕ್ಷಾಯಿಣಿ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. “ಬಿಡು! ಕೊಳ್ಳಿಗೈತಿ, ಬಿಡು!” ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗದ್ದಲದಲ್ಲಿ ಆಗಲೂ ಗೊತ್ತಾಗಲಿಲ್ಲ.

ನಾನು ಹರಿದೆ.

ಕೊರಳಿನ ಬಳಿ ನನ್ನನ್ನು ಎಷ್ಟು ಸಲ ಹೊಲಿದು, ಎಷ್ಟು ಸಲ ಬಿಚ್ಚಿದ್ದರೋ, ಅಲ್ಲಿ ಬಟ್ಟೆಗಿಂತ ತೂತುಗಳೇ ಹೆಚ್ಚಾಗಿದ್ದವು. ಈ ಅಂಚಿನಿಂದ ಆ ಅಂಚಿಗೆ ಒಂದೇ ಸದ್ದು. ದಾದಾಪೀರ್ ನನ್ನನ್ನು ಹಿಡಿದುಕೊಂಡೇ ಬೊಂಬಿನ ಬುಡಕ್ಕೆ ಸುರಿದಿದ್ದ ಮರಳಿನ ಗುಡ್ಡೆಗೆ ಬಿದ್ದ. ಮೈಲಾರಿ ಮೊಣಕೈಯನ್ನು ಬೊಂಬಿಗೆ ಸಿಕ್ಕಿಸಿ ತೂಗುತ್ತ ಉಳಿದ. ಅವನ ಜೊತೆ ಕೆಲಸ ಮಾಡುವವರು ಹತ್ತಿ ಹಗ್ಗ ಕತ್ತರಿಸಿದರು. ದಾದಾಪೀರ್ ಮರಳಿನಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದ. “ಬಟನ್ ಇತ್ತಲ್ಲ... ಬಟನ್ ಇತ್ತಲ್ಲೋ...” ಎನ್ನುತ್ತಿದ್ದ. ಆಸ್ಪತ್ರೆಗೆ ಹೋದದ್ದು ಅವನ ಆಟೋದಲ್ಲೇ.

ಮೈಲಾರಿ ಉಳಿದ. ಅವನ ದನಿ ಉಳಿಯಲಿಲ್ಲ. ಗಂಟಲೊಳಗೆ ಏನೋ ಜಜ್ಜಿಹೋಗಿದೆ ಎಂದರು ಡಾಕ್ಟರು. ಈಗ ಮಾತಾಡಿದರೆ ಒಣಗಿದ ಎಲೆ ಸರಿದಂತೆ ಕೇಳುತ್ತದೆ. ಮೇಲೆ ಹತ್ತಿದರೆ ಕಣ್ಣು ಕತ್ತಲಿಡುತ್ತದೆ. ಹಾಗಾಗಿ ಅವನು ಬೊಂಬು ಬಿಟ್ಟು ನಮ್ಮ ಅಂಗಡಿಯಲ್ಲೇ ಇಸ್ತ್ರಿ ಮಾಡುತ್ತಾನೆ.

ವಾದ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಹೊಸ ಸಾಕ್ಷಿ ಸಿಕ್ಕಿತು.

“ನೋಡಿದ್ರೇನು, ರೆಕ್ಕಿ ತಾನ ಹರಕೊಂಡು ಅವನ ಜೀವ ಉಳಸ್ತು,” ಎಂದರು ಒಂದು ಕಡೆಯವರು.

“ರೆಕ್ಕೀನ ಜೀವ ತಗೀತಿತ್ತು. ಒಂದ ಕೈಲೆ ತೂಗಿ ಉಳದದ್ದು ಮನಷ್ಯಾ,” ಎಂದರು ಇನ್ನೊಂದು ಕಡೆಯವರು.

ಆಸ್ಪತ್ರೆಗೆ ಹಣ್ಣು ತಂದು, ಮೈಲಾರಿಯ ಹಾಸಿಗೆಯ ಆಚೀಚೆ ಕೂತು ಇದನ್ನೇ ಆಡಿದರು. ಅವನನ್ನು ಯಾರೂ ಕೇಳಲಿಲ್ಲ. ಕಡೆಗೆ ಎರಡನೇ ಭಾಗ ಬಂತು. ಮೊದಲ ದೃಶ್ಯದಲ್ಲೇ ಗಿಡುಗನ ಅಜ್ಜಿ ಟ್ರಂಕಿನಿಂದ ಇನ್ನೊಂದು ರೆಕ್ಕೆ ತೆಗೆದುಕೊಟ್ಟಳಂತೆ. “ಇನ್ನೊಂದು ಇತ್ತಂತಲೇ!” ಎಂದು ಎರಡೂ ಕಡೆಯವರು ತಾವೇ ಗೆದ್ದವರಂತೆ ಟಾಕೀಸಿನಿಂದ ಹೊರಬಂದರು. ಅವತ್ತೇ ಫಕ್ಕೀರೇಶ, ದಾದಾಪೀರ್ ಇಬ್ಬರೂ ಒಂದೇ ತಟ್ಟೆಯಲ್ಲಿ ಮಿರ್ಚಿ ತಿಂದರು.

ನನ್ನಲ್ಲಿ ಉಳಿದದ್ದನ್ನು ದಾಕ್ಷಾಯಿಣಿ ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಮೇಜಿಗೆ ಹಾಸಿದ್ದಾಳೆ. ಬಣ್ಣ ಹೋಗಿದೆ, ಅಲ್ಲಲ್ಲಿ ಸುಟ್ಟಿದೆ. ಇಲ್ಲಿ ಮಲಗಿ ಕೆಳಗಿನಿಂದ ಮೈಲಾರಿಯ ಗಲ್ಲ, ಅದರ ಕೆಳಗಿನ ಹಗ್ಗದ ಗೆರೆ ನೋಡುತ್ತಿರುತ್ತೇನೆ. ನನ್ನೊಳಗೆ ಯಾವ ಶಕ್ತಿಯೂ ಇರಲಿಲ್ಲ. ನಾನು ಹಳೆಯದಾಗಿದ್ದೆ, ಅಷ್ಟೇ. ಹೊಸ ಬಟ್ಟೆಯಾಗಿದ್ದರೆ ಹರಿಯುತ್ತಿರಲಿಲ್ಲ. ಇಸ್ತ್ರಿಯ ಬಿಸಿ ಮೈಮೇಲೆ ಹಾಯುವಾಗಲೆಲ್ಲ ಇದೇ ನೆನಪಾಗುತ್ತದೆ.

ಇವತ್ತು ಮೂರನೇ ಭಾಗದ ಪೋಸ್ಟರು ಬಂದಿದೆ. ಎಲ್ಲರೂ ಅಂಗಡಿಯೊಳಗೇ ಬಂದಿದ್ದಾರೆ.

“ಕಾಕಾರ, ಇನ್ನೊಂದು ಕೆಂಪ ಬಟ್ಟಿ ಐತೇನ್ರಿ? ಗಟ್ಟೀದು ಬೇಕ್ರಿ. ಈ ಸಲ ಹರೀಬಾರ್ದು.”

“ಕೆಂಪಲ್ಲೋ, ಈ ಭಾಗದಾಗ ರೆಕ್ಕಿ ಕರೇದು. ಸರ್ಯಾಗಿ ನೋಡು.”

“ಕರೇದು ನಿನ್ನ ಕಣ್ಣಾಗೈತಿ. ಅದು ನೆಳ್ಳು.”

ಚನ್ನವೀರಪ್ಪನವರು ಟ್ರಂಕಿನ ಮುಚ್ಚಳ ಎತ್ತಿದರು. ಮೈಲಾರಿಯ ಕೈಯಲ್ಲಿದ್ದ ಇಸ್ತ್ರಿ ನನ್ನ ಮೇಲೆಯೇ ನಿಂತಿತು. ದಾಕ್ಷಾಯಿಣಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಇಷ್ಟು ವರ್ಷದಲ್ಲಿ ಅವರೆದುರು ಅವಳು ಹಾಗೆ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಫಕ್ಕೀರೇಶ ಮೊಬೈಲಿನಲ್ಲಿ ಎರಡು ಬೆರಳಿನಿಂದ ಪೋಸ್ಟರನ್ನು ದೊಡ್ಡದು ಮಾಡುತ್ತಿದ್ದ. ಉಳಿದವರ ತಲೆಗಳು ಅದರ ಮೇಲೆ ಬಾಗಿದ್ದವು.

“ಅಣ್ಣಾರ, ಈ ಸಲ ಕಟೌಟ್ ನೆಲದ ಮ್ಯಾಲ ಇದ್ದಾಗನ ರೆಕ್ಕಿ ಕಟ್ರಿ. ಆಮ್ಯಾಲ ನಿಲ್ಲಸ್ರಿ,” ಎಂದಳು ದಾಕ್ಷಾಯಿಣಿ.

“ಕೆಂಪನ ಐತಿ ಬಿಡೋ.”

“ಕರೇದಲೇ, ಬೇಕಾರ ಪಂಥ ಕಟ್ಟು.”

ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು.

“ನೆಲದ ಮ್ಯಾಲ ಇದ್ದಾಗನ ಕಟ್ರಿ.”