ದಾರದ ಆ ತುದಿ

ಇರುವೆಯೊಂದು ದಾರದ ಮೇಲೆ ನಡೆದು ಬರುತ್ತಿದೆ, ಬೇಲಿಗಿಡಗಳ ಪೊದೆಯೊಳಗಿಂದ, ಅಂದರೆ ಅವಳಿರುವ ಕಡೆಯಿಂದ, ಇವನು ಅದನ್ನೇ ನೋಡುತ್ತ ನಿಂತಿದ್ದಾನೆ, ಇಲ್ಲಿಯವರೆಗೆ ಬಂದರೆ ಅವಳೂ ಬರುತ್ತಾಳೆ, ನಡುವೆಯೇ ತಿರುಗಿ ಹೋದರೆ ಇಲ್ಲ — ಛೆ, ಐವತ್ತರ ಹತ್ತಿರ ಬಂದ ಗಂಡಸು, ಊರಿನ ಅರ್ಧ ಜನಕ್ಕೆ ಕಣ್ಣು ಕಾಣುವ ಹಾಗೆ ಮಾಡಿದ ಕನ್ನಡಕದಂಗಡಿಯವನು, ಇರುವೆಯ ಹತ್ತಿರ ಭವಿಷ್ಯ ಕೇಳುವ ಸ್ಥಿತಿಗೆ ಬಂದನಲ್ಲ. ಇರುವೆ ನಿಂತಿತು, ಮೀಸೆ ಆಡಿಸಿತು, ದಾರದ ಕೆಳಮಗ್ಗುಲಿಗೆ ಹೊರಳಿ ಕಾಣದಾಯಿತು, ಈಗ ಇದನ್ನು ಬಂತು ಅನ್ನಬೇಕೋ ಹೋಯಿತು ಅನ್ನಬೇಕೋ. ನೀಲಿ ನೈಲಾನ್ ದಾರ ಬೆರಳಿಗೆ ಸುತ್ತಿಕೊಂಡಿದೆ, ಬೆರಳ ತುದಿ ಕೆಂಪಗಾಗಿದೆ, ಬಿಡುವ ಹಾಗಿಲ್ಲ, ಸೀಟಿ ಮೇಡಂ ಹೇಳಿ ಹೋಗಿದ್ದಾರೆ, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತಿಯಾದರೂ ಕೊರಳಿನ ಸೀಟಿ ತೆಗೆಯದ ಹೆಂಗಸು, ಪಾಳುಬಿದ್ದ ಈ ಪಾರ್ಕನ್ನು ಮತ್ತೆ ಪಾರ್ಕು ಮಾಡುತ್ತೇನೆಂದು ಭಾನುವಾರ ಭಾನುವಾರ ಕಣ್ಣಿಗೆ ಬಿದ್ದವರನ್ನೆಲ್ಲ ಗುಡ್ಡೆ ಹಾಕಿ ದುಡಿಸುವವರು — ನೋಡಿ, ಹಳೇ ದಾರಿ ಮಣ್ಣಲ್ಲಿ ಹೂತುಹೋಗಿದೆ, ಅಂಚು ನೆಟ್ಟಗೆ ಬರಬೇಕು ಅಂದ್ರೆ ದಾರ ಬಿಗಿಯಾಗಿರಬೇಕು, ಈ ತುದಿ ನೀವು ಹಿಡೀರಿ, ಆ ತುದಿ ನಿಮ್ಮ ಮನೆಯವರು ಹಿಡೀತಾರೆ, ಕೊಳದ ಕಡೆ ಇಟ್ಟಿಗೆ ಮುಗಿಸಿ ನಾವು ಬರೋವರೆಗೂ ಅಲ್ಲಾಡಬೇಡಿ. ನಿಮ್ಮ ಮನೆಯವರು! ಗೊತ್ತಿದ್ದು ಅಂದರೋ, ಗೊತ್ತಿಲ್ಲದೆ ಅಂದರೋ. ಮಳೆಗಾಲ ಶುರುವಾದಾಗ ಬ್ಯಾಗು ಹಿಡಿದು ಅಕ್ಕನ ಮನೆಗೆ ಹೋದವಳು ಮಳೆ ನಿಂತರೂ ಬಂದಿಲ್ಲ, ಅಂಗಡಿಗೆ ಬರುವ ಗಿರಾಕಿಗಳೂ ಈಗ ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ಕೇಳುವುದನ್ನು ಬಿಟ್ಟಿದ್ದಾರೆ. ಗುರುವಾರ ಅವಳೇ ಫೋನ್ ಮಾಡಿದಳು, ಭಾನುವಾರ ಪಾರ್ಕಿಗೆ ಬನ್ನಿ, ನಾನೂ ಅಲ್ಲೇ ಇರ್ತೀನಿ, ವಾಪಸ್ ಬರೋದೋ ಬಿಡೋದೋ ಅವತ್ತು ತೀರ್ಮಾನ ಆಗಿಹೋಗ್ಲಿ. ಅದಕ್ಕೇ ಬಂದಿದ್ದಾನೆ, ಗಿಡಮರದ ಮೇಲಿನ ಪ್ರೀತಿಯಿಂದೇನಲ್ಲ, ಬದನೆಗೂ ಗುಲಾಬಿಗೂ ಇರುವ ವ್ಯತ್ಯಾಸ ಹೂ ಬಿಟ್ಟ ಮೇಲೆ ತಿಳಿಯುವ ಆಸಾಮಿ ಇವನು.

ಗೇಟಿನ ಹತ್ತಿರ ನೋಡಿದಾಗ ಬಂದ್ರಾ ಅಂದಳು. ಅಷ್ಟೇ. ಆ ಬಂದ್ರಾದಲ್ಲಿ ಸಂತೋಷವಿತ್ತೋ, ಇಷ್ಟು ಬೇಗ ಯಾಕೆ ಬಂದಿರಿ ಅಂತಿತ್ತೋ, ಅಂಗಡಿಯಲ್ಲಾದರೆ ಗಾಜು ಬದಲಿಸಿ ಬದಲಿಸಿ ಕೇಳಬಹುದು, ಇದು ಚೆನ್ನಾಗಿ ಕಾಣುತ್ತಾ, ಇದಾ, ಇದಾ, ಗಿರಾಕಿಗಳು ಎರಡೂ ಒಂದೇ ಥರ ಇದೆ ಅಂದರೆ ಇವನಿಗೆ ಎಂಥ ಸಿಟ್ಟು ಬರುತ್ತಿತ್ತು, ಈಗ ಎಲ್ಲ ಗಾಜೂ ಒಂದೇ ಥರ. ಆಮೇಲೆ ಅವಳು ಸೀಟಿ ಮೇಡಂ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದನ್ನು ಕಣ್ಣಾರೆ ಕಂಡಿದ್ದಾನೆ, ಹಾಗಾದರೆ ನಮ್ಮಿಬ್ಬರಿಗೂ ಒಂದೇ ದಾರ ಕೊಡಿ ಅಂತ ಅವಳೇ ಕೇಳಿಕೊಂಡಳೇ, ಕೇಳಿಕೊಂಡಿದ್ದರೆ ಅದು ಒಳ್ಳೆಯದೇ, ಆದರೆ ನಡುವೆ ಇಷ್ಟು ದಪ್ಪ ಪೊದೆ ಇರುವ ಜಾಗವೇ ಯಾಕೆ, ವರ್ಷಗಟ್ಟಲೆ ಕತ್ತರಿ ಕಾಣದ ಪೊದೆ, ಆಚೆ ಇರುವವರ ತಲೆಗೂದಲೂ ಕಾಣದು, ಮುಖ ಬೇಡ ದಾರ ಮಾತ್ರ ಸಾಕು ಅಂತಲೇ, ತಲೆಬುಡ ಒಂದೂ ತಿಳಿಯದು. ಏನು ಹೇಳಬೇಕು ಅನ್ನುವುದನ್ನು ಮೊನ್ನೆಯಿಂದ ಜೋಡಿಸಿಟ್ಟುಕೊಂಡಿದ್ದಾನೆ, ಮೊದಲು ತಪ್ಪಾಯ್ತು ಅನ್ನಬೇಕು, ಯಾವ ತಪ್ಪು ಅಂತ ಅವಳು ಕೇಳಿಯೇ ಕೇಳುತ್ತಾಳೆ, ನರ್ಸು ಅಲ್ಲವೇ, ನೋವು ಅಂದರೆ ಬಿಡುವವಳಲ್ಲ, ಎಲ್ಲಿ, ಎಷ್ಟು ದಿನದಿಂದ, ಚುಚ್ಚುತ್ತೋ ಹಿಂಡುತ್ತೋ ಎಲ್ಲ ಹೇಳಬೇಕು — ಪೊದೆಯಾಚೆ ಅವಳ ದನಿ, ಬೆಂಚು ರಿಪೇರಿ ಮಾಡುತ್ತಿರುವ ಬಡಗಿಯ ಸುತ್ತಿಗೆಯ ಟಕಟಕದ ನಡುವೆ, ಉದ್ದಕ್ಕೆ ಏನೋ ಹೇಳಿ ಕೊನೆಯಲ್ಲಿ ಮೇಲಕ್ಕೆದ್ದು ನಿಂತ ದನಿ, ಹೂಂ ಅಂದ — ಹಾಗಾಗಿ ಯಾವ ತಪ್ಪು ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಂಡಿರಬೇಕು. ಕುಡಿಯಲಿಲ್ಲ, ಹೊಡೆಯಲಿಲ್ಲ, ಅವಳ ಅಕ್ಕನನ್ನು ಒಂದು ಮಾತು ಅಂದವನಲ್ಲ. ನಿಮ್ಮ ಜೊತೆ ಮಾತಾಡೋದಕ್ಕಿಂತ ಗೋಡೆ ವಾಸಿ ಕಣ್ರೀ, ಗೋಡೆ ಹೂಂ ಅನ್ನಲ್ಲ, ಆಸೆ ಹುಟ್ಟಿಸಲ್ಲ, ಅಂದಿದ್ದಳು ಹೋಗುವ ದಿನ, ಚಪ್ಪಲಿ ಹಾಕಿಕೊಳ್ಳುತ್ತಾ. ಅದು ತಪ್ಪೇ? ತಪ್ಪೇ ಇರಬೇಕು. ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ಕಾಲು ಚಾಚಿ ಅವಳು ವಾರ್ಡಿನ ಕಥೆ ಹೇಳುವಳು, ಸೆರಗು ಹಿಡಿದುಕೊಂಡು ಬಿಡದ ಮುದುಕಿ, ಮಗಳು ಬಂದಳಾ ಅಂತ ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದವಳು, ಹೂಂ, ಮಗಳು ಮಾರನೇ ದಿನ ಬಂದಳು, ಹೂಂ, ನಮ್ಮನೆಗೆ ಬೆಂಕಿ ಬಿದ್ದಿದೆ ಕಣ್ರೀ, ಹೂಂ, ನಾನು ಇನ್ನೊಬ್ಬನ್ನ ಕಟ್ಕೊಂಡು ಓಡಿಹೋಗ್ತಿದ್ದೀನಿ, ಹೂಂ, ಅವಳು ಬಿದ್ದು ಬಿದ್ದು ನಕ್ಕಳು, ಇವನೂ ನಕ್ಕ, ಯಾಕೆ ಅಂತ ಗೊತ್ತಿಲ್ಲದೆ, ನಗು ನಿಂತ ಮೇಲೂ ಅವಳ ಕಣ್ಣು ಒದ್ದೆ ಇತ್ತು, ದಿನವಿಡೀ ಪರರ ಕಣ್ಣೊಳಗೆ ಬೆಳಕು ಬಿಟ್ಟು ನೋಡುವವನಿಗೆ ಅದು ಕಾಣಲಿಲ್ಲ, ದೀಪದ ಬುಡದಲ್ಲೇ ಕತ್ತಲು. ಆದರೆ ಇದನ್ನು ಹೇಗೆ ಹೇಳುವುದು, ಅವಳು ಮಾತಾಡುವಾಗ ಇವನು ಯೋಚಿಸುತ್ತಿದ್ದುದು ಬೇರೆ ಯಾರನ್ನೂ ಅಲ್ಲ, ಅವಳನ್ನೇ, ಇಷ್ಟು ಸಣ್ಣ ದೇಹದವಳು ಅಷ್ಟು ಜನರ ಸಾವನ್ನು ಹೊತ್ತುಕೊಂಡು ಹೇಗೆ ಬಸ್ಸು ಹತ್ತಿ ಮನೆಗೆ ಬರುತ್ತಾಳೆ, ಇವಳಿಗೆ ಇವತ್ತು ಬಿಸಿನೀರು ಕಾಯಿಸಿಡಬೇಕಿತ್ತು, ಅಂತ ಯೋಚಿಸುತ್ತ ಯೋಚಿಸುತ್ತ ಅವಳು ಹೇಳಿದ್ದೇ ಕಿವಿಗೆ ಬೀಳುತ್ತಿರಲಿಲ್ಲ, ಬಿಸಿನೀರೂ ಕಾಯಿಸುತ್ತಿರಲಿಲ್ಲ. ಪ್ರೀತಿ ಇತ್ತು. ಇದೆ. ಇದನ್ನೇ ಹೇಳಬೇಕು, ತಪ್ಪಾಯ್ತು ಆಮೇಲೆ, ಮೊದಲು ಇದನ್ನೇ, ಇಲ್ಲ ಮೊದಲು ತಪ್ಪಾಯ್ತು, ಯಾವುದು ಮೊದಲು — ಮತ್ತೆ ಅವಳ ದನಿ, ಈ ಸಲ ಚಿಕ್ಕದು, ಸುತ್ತಿಗೆ ನಿಂತಿದೆ, ಹೂಂ ಅಂದ, ಹೂಂ ಹೂಂ — ತಪ್ಪಾಯ್ತು ಅನ್ನುವುದೇ ಮೊದಲು ಬರಲಿ, ಹೆಂಗಸರಿಗೆ ಅದು ಮೊದಲು ಕೇಳಿಸಬೇಕು.

ದಾರ ಒಮ್ಮೆಗೇ ಸಡಿಲವಾಯಿತು. ಬಿಟ್ಟಳೇ, ನೀಲಿ ದಾರ ಮಣ್ಣಿಗೆ ತಾಗಿ ಹಾವಿನ ಹಾಗೆ ಬಿದ್ದುಕೊಂಡಿತು, ಕರೆಯಲೇ, ಏನಂತ ಕರೆಯಲಿ, ಇಷ್ಟು ವರ್ಷ ಏ, ಇಲ್ನೋಡು ಅಂತಲೇ ಕರೆದವನು, ಅಷ್ಟರಲ್ಲಿ ದಾರ ಮೇಲೆದ್ದು ಮತ್ತೆ ಬಿಗಿಯಿತು, ಮೊದಲಿಗಿಂತ ಬಿಗಿ, ಅಬ್ಬ, ಕೈ ಬದಲಿಸಿಕೊಂಡಳು ಅಷ್ಟೇ, ಪಾಪ, ಬೆವರಿರಬೇಕು. ಗಾಳಿ ಎದ್ದಿದೆ, ಕೊಳದ ಕಡೆಯಿಂದ ಕೆಸರಿನ ವಾಸನೆ, ಹೂಳೆತ್ತುವವರ ಕೂಗಾಟ, ಮತ್ತು ದಾರ ಎಳೆಯಿತು. ಸಣ್ಣಗೆ. ಒಂದು ಸಲ ಎಳೆದು ಬಿಟ್ಟಿತು, ತಡೆದು ಇನ್ನೊಮ್ಮೆ. ಅವಳು ಎಳೆಯುತ್ತಿದ್ದಾಳೆ! ಕೆಲಸಕ್ಕೆ ಎಳೆಯುವ ಎಳೆತವಲ್ಲ ಇದು, ಸೆರಗು ಹಿಡಿದು ಜಗ್ಗುವ ಥರದ್ದು, ಇವನು ಮೆಲ್ಲಗೆ ಒಂದು ಸಲ ಜಗ್ಗಿ ನೋಡಿದ, ತಡೆದು ತಡೆದು ಅತ್ತಲಿಂದ ಉತ್ತರ ಬಂತು, ಮೈಯೆಲ್ಲ ಬಿಸಿಯಾಯಿತು. ಇಷ್ಟೇ ಬೇಕಾಗಿತ್ತೇ, ಮಾತೇ ಬೇಡವಾಗಿತ್ತೇ, ಅದಕ್ಕೇ ಪೊದೆಯಿರುವ ಜಾಗ ಆರಿಸಿದಳೇ? ಹೊಸದರಲ್ಲಿ ಇಬ್ಬರೂ ಸೇರಿ ದುಪ್ಪಟಿ ಮಡಿಸುತ್ತಿದ್ದರು, ಆಸ್ಪತ್ರೆಯ ಶಿಸ್ತು ಅವಳದು, ಮೂಲೆಗೆ ಮೂಲೆ ಕೂಡಬೇಕು, ಎರಡು ತುದಿ ಹಿಡಿದು ಜಾಡಿಸಿ, ಎಳೆದು, ಒಬ್ಬರ ಕಡೆಗೊಬ್ಬರು ನಡೆದು ಬಂದು, ಬೆರಳಿಗೆ ಬೆರಳು ತಾಗುವಾಗ ಅವಳು ಬೇಕೆಂದೇ ಬಟ್ಟೆ ಬಿಡದೆ ಸತಾಯಿಸುವಳು, ಬಿಡೇ, ಬಿಡಲ್ಲ, ಬಿಡೇ ಮಾರಾಯ್ತಿ, ಯಾವಾಗ ನಿಂತಿತು ಅದು, ಯಾರು ಮೊದಲು ಒಬ್ಬರೇ ಮಡಿಸಲು ಶುರುಮಾಡಿದ್ದು, ನೆನಪಿಲ್ಲ, ಈಗ ಅವನ ಹಾಸಿಗೆಯ ಬಟ್ಟೆ ಉಂಡೆಯಾಗಿ ಕುರ್ಚಿಯ ಮೇಲೆ ಬಿದ್ದಿರುತ್ತದೆ. ದಾರ ಎಳೆಯುತ್ತಿದೆ. ಎಳೆದು ಬಿಡುತ್ತಿದೆ. ಬರ್ತೀನಿ ಅನ್ನುತ್ತಿದೆಯೇ, ಬನ್ನಿ ಅನ್ನುತ್ತಿದೆಯೇ, ಬನ್ನಿ ಅಂದರೆ ಇವನು ಆ ಕಡೆ ಹೋಗಬೇಕೇ, ಹೋದರೆ ದಾರ ಸಡಿಲವಾಗುತ್ತದೆ, ಸೀಟಿ ಮೇಡಂ ಇಡೀ ಪಾರ್ಕಿಗೆ ಕೇಳುವ ಹಾಗೆ ಊದುತ್ತಾರೆ, ಊದಲಿ, ಇಲ್ಲ, ಹಿಡಿದುಕೊಂಡೇ ಇರುವುದು ಒಳ್ಳೆಯದು, ಒಮ್ಮೆಯಾದರೂ ಹೇಳಿದ ಕೆಲಸವನ್ನು ಪೂರ್ತಿ ಮಾಡಿದ ಅನ್ನಿಸಿಕೊಳ್ಳಬೇಕು. ಹಾಗಾದರೆ ಸಂಜೆ ಮನೆಗೆ ಬರುತ್ತಾಳೆ. ಅಡುಗೆಮನೆ ಗುಡಿಸಿಲ್ಲ. ಪಾತ್ರೆ ಹಾಗೇ ಬಿದ್ದಿದೆ. ಬಿಸಿನೀರು ಕಾಯಿಸಬೇಕು, ಇವತ್ತು ನಿಜವಾಗಿಯೂ.

ಏನ್ ಸರ್, ನೀವಿನ್ನೂ ಹಿಡ್ಕೊಂಡೇ ಇದ್ದೀರಾ? ಬಡಗಿ, ಹೆಗಲ ಮೇಲೆ ಬೆಂಚಿನ ಹಳೆ ಹಲಗೆ ಹೊತ್ತು ಪೊದೆಯನ್ನು ಬಳಸಿಕೊಂಡು ಬಂದವನು ನಿಂತು ನೋಡುತ್ತಿದ್ದಾನೆ. ಇವನು ನಕ್ಕ, ಆ ಕಡೆಯವರು ಬಿಟ್ರೆ ತಾನೇ ನಾನು ಬಿಡೋದು. ಬಡಗಿ ನಗಲಿಲ್ಲ. ನರ್ಸಮ್ಮ ಆಗಲೇ ಗಿಡಕ್ಕೆ ಕಟ್ಟಿ ಹೋದ್ರಲ್ಲ ಸರ್. ಹೋದ್ರಾ? ಎಲ್ಲಿಗೆ? ಅವರ ಅಕ್ಕನ ಮನೆಗೆ. ಯಾಕೆ, ನಂಗೆ ಹೇಳದೇನೇ — ಅಯ್ಯೋ, ಹೇಳಿದ್ರಲ್ಲ ಸರ್, ನಾನು ಅಲ್ಲೇ ಮೊಳೆ ಹೊಡೀತಿದ್ದೆ, ಕೇಳಬಾರದು ಅಂದ್ರೂ ಕೇಳಿಸ್ತು, ಮುಖ ನೋಡಿದ್ರೆ ಅಳು ಬರುತ್ತೆ, ಅದಕ್ಕೆ ಇಲ್ಲಿಂದ್ಲೇ ಕೇಳ್ತೀನಿ ಅಂದ್ರು, ನಾನು ಅಲ್ಲೇ ಅಕ್ಕನ ಜೊತೇನೇ ಇದ್ದುಬಿಡ್ಲಾ, ನಿಮಗೆ ಅದೇ ಸಮಾಧಾನಾನಾ ಅಂತ ಕೇಳಿದ್ರು, ನೀವು ಹೂಂ ಅಂದ್ರಿ. ಅವರು ಸುಮಾರು ಹೊತ್ತು ಹಾಗೇ ನಿಂತಿದ್ರು ಸರ್. ನಾನು ಸುತ್ತಿಗೆ ಕೆಳಗಿಟ್ಟೆ. ಯೋಚಿಸಿ ಹೇಳ್ತಿದ್ದೀರಿ ತಾನೇ ಅಂತ ಇನ್ನೊಂದ್ಸಲ ಕೇಳಿದ್ರು. ನೀವು ಹೂಂ ಹೂಂ ಅಂದ್ರಿ. ಬಡಗಿ ಹಲಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, ನೆಲ ನೋಡುತ್ತ, ತಮ್ಮ ತಮ್ಮಲ್ಲೇ ಇಷ್ಟು ಸಲೀಸಾಗಿ ಮುಗಿಸ್ಕೊಂಡ್ರಲ್ಲ ಅಂದ್ಕೊಂಡೆ ಸರ್, ಅಂದು ಹೋದ. ಇವನು ಕೊಂಬೆಗಳನ್ನು ಸರಿಸಿ ಬಗ್ಗಿ ನೋಡಿದ, ಆಚೆ ಯಾರೂ ಇಲ್ಲ, ಹೋದ ವರ್ಷ ನೆಟ್ಟ ಗಿಡ, ಹೆಬ್ಬೆರಳು ದಪ್ಪದ ಕಾಂಡ, ಅದರ ಸೊಂಟಕ್ಕೆ ಅಚ್ಚುಕಟ್ಟಾದ ಗಂಟು, ಬ್ಯಾಂಡೇಜು ಕಟ್ಟುವವರ ಗಂಟು, ಬಿಚ್ಚಿಕೊಳ್ಳದ ಹಾಗೆ ಎರಡೆರಡು ಸಲ ಬಿಗಿದದ್ದು. ಬಸ್ಸು ಹೋಗಿರುತ್ತದೆಯೇ, ಓಡಿದರೆ ಸಿಗುತ್ತಾಳೆಯೇ, ಸಿಕ್ಕರೆ ಏನನ್ನಬೇಕು, ನಾನು ಅಂದದ್ದು ಅದಕ್ಕಲ್ಲ ಅನ್ನಬೇಕೇ, ಮತ್ತೆ ಯಾವುದಕ್ಕೆ ಅಂದಿರಿ ಅಂದರೆ, ತಪ್ಪಾಯ್ತು ಮೊದಲೋ, ಪ್ರೀತಿ ಇದೆ ಅನ್ನುವುದು ಮೊದಲೋ, ಇದ್ದುಬಿಡ್ಲಾ ಅಂತ ಕೇಳಿದಳಂತೆ, ಕೇಳುವಾಗ ದನಿ ಹೇಗಿತ್ತು, ಬೇಡ ಅನ್ನಲಿ ಅಂತಿತ್ತೇ, ಬಡಗಿಗೆ ಗೊತ್ತಿರುತ್ತದೆ, ಅವನು ಕೇಳಿಸಿಕೊಂಡಿದ್ದಾನೆ, ಕೊಳದ ಕಡೆಯಿಂದ ಸೀಟಿ ಊದುತ್ತಿದೆ, ಬರುತ್ತಿದ್ದಾರೆ, ದಾರ ಬಿಡಬೇಡಿ, ಕಾಲು ಓಡು ಅನ್ನುತ್ತದೆ, ಕೈ ಬಿಡುತ್ತಿಲ್ಲ, ಗಾಳಿ ಬೀಸುತ್ತದೆ, ಗಿಡ ಬಾಗುತ್ತದೆ, ದಾರ ಎಳೆಯುತ್ತದೆ, ಗಿಡ ನೆಟ್ಟಗಾಗುತ್ತದೆ, ದಾರ ಬಿಡುತ್ತದೆ, ಗಿಡ ಬಾಗುತ್ತದೆ, ಎಳೆಯುತ್ತದೆ, ಬೆರಳಿಗೆ, ಸಣ್ಣಗೆ, ಥೇಟ್ ಅವಳ ಹಾಗೇ, ಎಳೆಯುತ್ತದೆ —