ಅಮ್ಮನ ಎಂ.ಎ.

ಮಗಳು ತಾಯಿಯ ಮೈಮೇಲಿನ ಬಿಳಿ ಹೊದಿಕೆಯ ಅಂಚು ಸರಿಮಾಡುತ್ತಿದ್ದಾಗ ಅಪ್ಪ ಮತ್ತೆ ಅದನ್ನೇ ಕೇಳಿದರು.

"ಯಾವುದಕ್ಕೆ ಸೇರ್ತೀನಿ ಅಂದಿದ್ಲು? ಹತ್ತಿರದ್ದಕ್ಕಾ, ದೂರದ್ದಕ್ಕಾ?"

"ನನಗೂ ಹೇಳಿರ್ಲಿಲ್ಲ ಅಪ್ಪ. ಈಗ ಯಾಕೆ ಅದೆಲ್ಲ?"

"ದೂರದ್ದಾದ್ರೆ, ನನ್ನನ್ನ ಬಿಟ್ಟು ಹೋಗೋಳಿದ್ಲು ಅಂತ ತಾನೆ?"

ಚಿಕ್ಕಮ್ಮ ಮೂಗೊರೆಸಿಕೊಂಡಳು. "ನಮ್ಮಕ್ಕನಿಗೆ ಈ ವಯಸ್ಸಲ್ಲಿ ಎಂ.ಎ. ಹುಚ್ಚು! ಅದೂ ಇತಿಹಾಸ! ಬಸ್ಸಲ್ಲಿ ಕಂಡಿದ್ದು ಸಾಲದಾಗಿತ್ತಾ?" ಎಂದು ಅಳುತ್ತಲೇ ನಕ್ಕಳು.

ಅಪ್ಪ ಡ್ರೈವರ್, ಅಮ್ಮ ಅದೇ ಬಸ್ಸಿನ ಕಂಡಕ್ಟರ್. ಜೀವಮಾನವಿಡೀ ಒಟ್ಟಿಗೇ ಓಡಾಡಿದರೂ ಅವರು ಮುಂದೆ, ಇವಳು ಹಿಂದೆ. ನಿವೃತ್ತಿಯಾದ ಮೇಲೆ ಅಮ್ಮ ಹಟ ಹಿಡಿದು ಬಿ.ಎ. ಮುಗಿಸಿದಳು. ಇತಿಹಾಸದ ಎಂ.ಎ.ಗೆ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಗಿಟ್ಟಿಸಿದಳು. ಹತ್ತಿರದ್ದಾದರೆ ಸಂಜೆ ಮನೆಗೆ ಬರಬಹುದು. ದೂರದ್ದಾದರೆ ಹಾಸ್ಟೆಲ್ಲೇ ಗತಿ.

*

"ಬಸ್ಸು ಹತ್ತದೆ ಸೀಟು ಹೇಗಿದೆ ಅಂತ ಹೇಳೋಕಾಗುತ್ತಾ?" ಎಂದು ಅಮ್ಮ ಕಳೆದ ತಿಂಗಳು ಎರಡೂ ಕಡೆ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಬಂದಿದ್ದಳು. ದೂರದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಮೇಡಂ ಇವಳ ಕನ್ನಡಕವನ್ನೂ ಗಂಭೀರ ಮುಖವನ್ನೂ ನೋಡಿ, ತಪಾಸಣೆಗೆ ಬಂದವಳೆಂದು ಬೆವತುಹೋದರಂತೆ.

"ಚೆಕಿಂಗ್‌ನೋರನ್ನ ಕಂಡ್ರೆ ಜನ್ಮವಿಡೀ ನಡುಗಿದ್ದೆ ಕಣೇ. ಒಂದು ದಿನ ನಾನೇ ಚೆಕಿಂಗ್ ಆಗ್ಬಿಟ್ಟೆ!" ಅಮ್ಮ ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ದನಿ ತಗ್ಗಿತ್ತು. "ಎಂಥ ಪಾಠ ಅಂತೀಯಾ! ನಾವು ಓಡಾಡಿದ ದಾರಿ ಇದೆಯಲ್ಲ, ಅದರಲ್ಲಿ ನಮಗಿಂತ ಮೊದಲು ಎಷ್ಟು ಕಾಲದಿಂದ ಎಷ್ಟು ಜನ ನಡೆದಿದ್ದಾರೆ! ಮೈ ಜುಮ್ಮಂತು."

ಯಾವುದನ್ನು ಆರಿಸಿದೆ ಎಂದರೆ, "ಸೋಮವಾರ ಹೇಳ್ತೀನಿ, ನಿಮ್ಮಪ್ಪನ ಎದುರಿಗೇ" ಎಂದಳು. ಭಾನುವಾರ ಬೆಳಿಗ್ಗೆ ಏಳಲೇ ಇಲ್ಲ.

*

ಶವದ ವ್ಯಾನು ಬಾಗಿಲಿಗೆ ಬಂದು ನಿಂತಾಗ ಅದೇ ಮೇಡಂ ಬಂದರು. ನಿನ್ನೆ ಅವರು ಅಮ್ಮನಿಗೆ ಫೋನ್ ಮಾಡಿದಾಗ ಚಿಕ್ಕಮ್ಮ ಸುದ್ದಿ ಹೇಳಿದ್ದಳು. ಅಪ್ಪ ಬನ್ನಿ ಎನ್ನುವುದನ್ನೂ ಮರೆತರು.

"ನಿಮ್ಮಲ್ಲಿಗೇ ಬರ್ತೀನಿ ಅಂದಿದ್ಲಾ?"

"ಹೌದು. ಶನಿವಾರ ಹೇಳಿದ್ರು."

ಅಪ್ಪನ ಮುಖ ಕಪ್ಪಿಟ್ಟಿತು.

"ಆದ್ರೆ ಹಾಸ್ಟೆಲ್ ಬೇಡ, ಇಬ್ಬರಿಗೆ ಆಗೋ ಕೋಣೆ ಹುಡುಕಿಕೊಡಿ ಅಂದ್ರು. ತರಗತಿಯಲ್ಲಿ ಅವರ ಜೊತೆ ನೀವೂ ಕೂರಬಹುದಾ ಅಂತ ಕೇಳಿದ್ರು. ಹತ್ತಿರದ ವಿಶ್ವವಿದ್ಯಾಲಯದವರು ಅದು ಆಗಲ್ಲ ಅಂದಿದ್ರಂತೆ. ನಾನು ಒಪ್ಪಿಕೊಂಡೆ." ಮೇಡಂ ಅಮ್ಮನ ಕಡೆ ತಿರುಗಿದರು. "'ಆ ಮನುಷ್ಯ ಇಷ್ಟು ವರ್ಷ ನನಗೆ ಬೆನ್ನು ಹಾಕಿಯೇ ಕೂತಿದ್ರು. ಇನ್ನಾದ್ರೂ ಪಕ್ಕದಲ್ಲಿ ಕೂರ್ಲಿ' ಅಂದ್ರು."

ಮಗಳು ತಾಯಿಯ ಮುಖ ನೋಡಿದಳು. ದಿನಾ ಕಂಡ ಮುಖವೇ. ಇಷ್ಟು ದೊಡ್ಡ ಆಸೆಯನ್ನು ಈಕೆ ಎಲ್ಲಿಟ್ಟುಕೊಂಡು ತಿರುಗಾಡುತ್ತಿದ್ದಳು ಎಂದು ಬೆರಗಾದಳು. ಮುಟ್ಟಲೂ ಸಂಕೋಚವಾಯಿತು.

ಅಮ್ಮನನ್ನು ವ್ಯಾನಿನೊಳಗೆ ಮಲಗಿಸಿದ ಮೇಲೆ, "ಮುಂದೆ ಬನ್ನಿ ಯಜಮಾನ್ರೇ," ಎಂದು ವ್ಯಾನಿನವನು ತನ್ನ ಪಕ್ಕದ ಬಾಗಿಲು ತೆರೆದ. ಅಪ್ಪ ಹಿಂದಿನಿಂದ ಹತ್ತಿ ಅಮ್ಮನ ಪಕ್ಕ ಕೂತರು. ಮೇಡಂಗೆ ಎದುರಿನ ಸೀಟು ತೋರಿಸಿದರು.

"ಅವತ್ತಿನ ಪಾಠ... ಇಬ್ಬರಿಗೂ ಇನ್ನೊಂದ್ಸಲ ಮಾಡ್ತೀರಾ?"

ವ್ಯಾನು ಹೊರಟಿತು. ಮೇಡಂ ಗಂಟಲು ಸರಿಮಾಡಿಕೊಂಡು, "ಮೊದಲು ಇಲ್ಲಿ ದಾರಿಯೇ ಇರಲಿಲ್ಲ," ಎಂದು ಶುರುಮಾಡಿದರು. ಹೊದಿಕೆಯ ಮೇಲಿಂದಲೇ ಅಮ್ಮನ ಕೈ ಹಿಡಿದುಕೊಂಡು, ರಸ್ತೆಯ ಕಡೆ ಒಮ್ಮೆಯೂ ತಿರುಗದೆ, ಅಪ್ಪ ಕೇಳುತ್ತಾ ಕೂತರು.